ಐಸ್ ಹಾಕಿಯಲ್ಲಿ ಹೊಸಬನಿಗೆ ಸ್ಥಾನ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಬಯಲು, ಚೆಂಡು ಮತ್ತು ಹನ್ನೊಂದು ಮಂದಿ ಆಟಗಾರರು. ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತಕ್ಕೆ ಎಂಟು ಬಾರಿ ಚಿನ್ನದ ಪದಕವನ್ನು ತಂದಿತ್ತ ಆಟ ಅದು. ಆದರೆ ಕೆನಡಾ ದೇಶದಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿಯೂ ಹಾಕಿ ಎಂಬ ಮಾತಿಗೆ ಅರ್ಥವೇ ಬೇರೆ. ಅಲ್ಲಿ ಅದು ಮಂಜುಗಡ್ಡೆಯ ಮೇಲಿನ ಆಟ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಹಿಮದ ಅಂಗಳ; ಅದರ ಸುತ್ತಲೂ ಎದೆಮಟ್ಟದ ಹಲಗೆಯ ಗೋಡೆ; ಆಟಗಾರರ ಕಾಲಲ್ಲಿ ಉಕ್ಕಿನ ಅಲಗನ್ನು ಕೂಡಿಸಿದ ಬೂಟು; ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಚಪ್ಪಟೆಯಾದ ಬಿಲ್ಲೆ. ಒಂದು ಪಕ್ಷದಿಂದ ಏಕಕಾಲಕ್ಕೆ ಅಂಗಳಕ್ಕೆ ಇಳಿಯುವವರು ಆರೇ ಜನ: ಗೋಲು ಕಾಯುವವನೊಬ್ಬ, ರಕ್ಷಕರಿಬ್ಬರು, ಮುಂದಾಳುಗಳು ಮೂವರು. ಈ ಮುಂದಾಳುಗಳನ್ನೇ ಅಲ್ಲಿಯವರೂ ನಮ್ಮಂತೆ ಫಾರ್ವರ್ಡ್ ಎನ್ನುತ್ತಾರೆ.

ಈ ಆಟದ ಅತಿದೊಡ್ಡ ವೃತ್ತಿಪರ ಸಂಘಟನೆ 1917ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗ್. ಅದರ ತಂಡವೊಂದಕ್ಕೆ ಋತುವಿನ ನಡುವೆ ಇಪ್ಪತ್ತೆರಡು ವರ್ಷದ ಮುಂದಾಳೊಬ್ಬನನ್ನು ಕೆಳಗಿನ ತಂಡದಿಂದ ಕರೆಸಿದರೆಂದು ಭಾವಿಸಿರಿ. ಹಳಬರೆಲ್ಲ ತಮ್ಮ ತಮ್ಮ ಜಾಗದಲ್ಲಿ ನೆಲೆಯೂರಿದ್ದಾರೆ. ಹುಡುಗನನ್ನು ಎಲ್ಲಿ ಆಡಿಸಬೇಕು? ನೋಡುವುದಕ್ಕೆ ಸಣ್ಣದಾದ ಈ ಪ್ರಶ್ನೆ ಅಲ್ಲಿಯ ಶಿಕ್ಷಕರ ನಿದ್ದೆಗೆಡಿಸುವಂಥದು. ಏಕೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಆಟದ ಸರದಿಯ ಪದ್ಧತಿಯನ್ನು ಅರಿಯಬೇಕು.

ಹಿಮದ ಮೇಲೆ ಪೂರ್ಣ ವೇಗದಿಂದ ಜಾರುತ್ತ ಆಡುವುದು ಎಂಥ ಬಲಶಾಲಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಸಾಧ್ಯವಿಲ್ಲ. ಆದುದರಿಂದ ಸುಮಾರು ನಲವತ್ತೈದು ಸೆಕೆಂಡು ಆಡಿದವರು ಬೆಂಚಿಗೆ ಮರಳುತ್ತಾರೆ, ಮತ್ತೊಂದು ಗುಂಪು ಗೋಡೆಯನ್ನು ಹಾರಿ ಅಂಗಳಕ್ಕಿಳಿಯುತ್ತದೆ. ಆಟ ನಡೆಯುತ್ತಿರುವಂತೆಯೇ ಈ ಬದಲಾವಣೆ ಆಗುತ್ತಿರುತ್ತದೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಪಂದ್ಯಕ್ಕೆ ಸಾಮಾನ್ಯವಾಗಿ ಹನ್ನೆರಡು ಮುಂದಾಳುಗಳು ಸಜ್ಜಾಗಿರುತ್ತಾರೆ. ಮೂವರಿಗೊಂದು ಸಾಲಿನಂತೆ ನಾಲ್ಕು ಸಾಲುಗಳು. ಮೊದಲೆರಡು ಸಾಲುಗಳಲ್ಲಿ ಗೋಲು ಹೊಡೆಯುವ ಚತುರರಿರುತ್ತಾರೆ. ಮೂರನೆಯ ಸಾಲಿನ ಕೆಲಸ ಹೆಚ್ಚಾಗಿ ಎದುರಾಳಿಗಳ ಚತುರರನ್ನು ಕಟ್ಟಿಹಾಕುವುದು. ನಾಲ್ಕನೆಯ ಸಾಲಿನವರು ಕಷ್ಟಜೀವಿಗಳು. ಢಿಕ್ಕಿ ಹೊಡೆದು, ಢಿಕ್ಕಿ ಹೊಡೆಸಿಕೊಂಡು, ಎಂಟು ಹತ್ತು ನಿಮಿಷ ಆಡಿ, ಉಳಿದ ಕಾಲವನ್ನು ಬೆಂಚಿನ ಮೇಲೆ ಕಳೆಯುವವರು.

ಹೊಸಬನಿಗೆ ವಾಡಿಕೆಯಾಗಿ ಸಿಗುತ್ತಿದ್ದುದು ಈ ನಾಲ್ಕನೆಯ ಸಾಲು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೂವರು ಕುಳಿತ ಬೆಂಚಿನ ತುದಿಯಲ್ಲಿ ನಾಲ್ಕನೆಯವನಿಗೆ ಅರ್ಧ ಜಾಗ ಕೊಟ್ಟಂತೆ ಇದು. ಕುಳಿತದ್ದೂ ಹೌದು, ನಿಂತದ್ದೂ ಹೌದು. ಹಿರಿಯರಿಗೆ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಹುಡುಗ ಕೆಳಗಿನಿಂದಲೇ ಕಲಿಯಲಿ ಎಂಬುದು ಅವರ ವಾದ. ಆದರೆ ಈ ವಾದದಲ್ಲಿ ಒಂದು ತೊಡಕಿದೆ. ಕೆಳಗಿನ ತಂಡದಲ್ಲಿ ಗೋಲು ಹೊಡೆದೇ ಹೆಸರು ಪಡೆದ ಹುಡುಗನನ್ನು ಗೋಲು ಹೊಡೆಯಲು ಅವಕಾಶವೇ ಇಲ್ಲದ ಸಾಲಿನಲ್ಲಿ ನಿಲ್ಲಿಸಿ, ಆರೇಳು ಪಂದ್ಯಗಳಾದ ಮೇಲೆ "ಇವನಿಂದ ಗೋಲು ಬರಲಿಲ್ಲ" ಎಂದು ಹಿಂದಕ್ಕೆ ಕಳಿಸುವುದು ನ್ಯಾಯವೆನಿಸಲಾರದು. ಚೆನ್ನಾಗಿ ಹಾಡುವವನ ಕೈಗೆ ತಾಳ ಕೊಟ್ಟು, ಇವನಿಗೆ ಕಂಠವಿಲ್ಲ ಎಂದಂತಾಯಿತು.

ಹಿಂದಕ್ಕೆ ಕಳಿಸುವುದೆಂದರೆ ಸಾಮಾನ್ಯ ಸಂಗತಿಯಲ್ಲ. ದೊಡ್ಡ ಲೀಗಿನ ಪ್ರತಿಯೊಂದು ತಂಡಕ್ಕೂ ಅಮೆರಿಕನ್ ಹಾಕಿ ಲೀಗ್ ಎಂಬ ಎರಡನೆಯ ಮಟ್ಟದ ಲೀಗಿನಲ್ಲಿ ಒಂದು ಸಹತಂಡ ಉಂಟು. ಅಲ್ಲಿ ಆಡುವವರಿಗೆ ಚಿಕ್ಕ ಊರುಗಳು, ಬಸ್ಸಿನ ಪ್ರಯಾಣ. ಇಲ್ಲಿ ಮಹಾನಗರಗಳು, ವಿಮಾನ. ಸಂಬಳವಾದರೋ ಅನೇಕ ಪಟ್ಟು ಹೆಚ್ಚು, ಅದೂ ದಿನದ ಲೆಕ್ಕದಲ್ಲಿ. ಮೇಲಿನ ತಂಡದಲ್ಲಿ ಎಷ್ಟು ದಿನವೋ ಅಷ್ಟು ದಿನಕ್ಕೆ ಮಾತ್ರ ಮೇಲಿನ ಸಂಬಳ. ಇನ್ನೊಂದು ವಿಚಿತ್ರವಾದ ನಿಯಮವೂ ಇದೆ. ಅನುಭವವುಳ್ಳ ಆಟಗಾರನನ್ನು ಕೆಳಕ್ಕೆ ಕಳಿಸಬೇಕಾದರೆ ಮೊದಲು ಅವನನ್ನು ಬೇರೆ ತಂಡಗಳ ಮುಂದಿಡಬೇಕು. ಬೇಕಾದವರು ಅವನನ್ನು ಎತ್ತಿಕೊಂಡು ಹೋಗಬಹುದು. ವೃತ್ತಿಗೆ ಬಂದು ಕೆಲವೇ ವರ್ಷಗಳಾದ ಕಿರಿಯನಿಗೆ ಈ ನಿಬಂಧನೆ ಅನ್ವಯಿಸದು. ಹೀಗಾಗಿ ಗಾಯಗೊಂಡ ಹಿರಿಯನೊಬ್ಬ ಗುಣಹೊಂದಿ ಬಂದೊಡನೆ, ಚೆನ್ನಾಗಿ ಆಡುತ್ತಿದ್ದರೂ, ಗಂಟುಮೂಟೆ ಕಟ್ಟಬೇಕಾದವನು ಕಿರಿಯನೇ. ಅವನಿಗೆ ದೊರೆಯುವ ದಿನಗಳು ಕೆಲವು. ಆ ಕೆಲವು ದಿನಗಳಲ್ಲಿ ಅವನ ಎಡಬಲಗಳಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಅವನ ಬಾಳು ನಿಂತಿರುತ್ತದೆಂದರೆ ಅತಿಶಯೋಕ್ತಿಯಾಗದು.

ಹಾಗಾದರೆ ನೇರವಾಗಿ ಮೊದಲ ಸಾಲಿಗೆ ಹಾಕಬಾರದೇ ಎಂದು ನೀವು ಕೇಳಬಹುದು. ಅಲ್ಲಿ ಬೇರೆ ಅಪಾಯ. ಮೊದಲ ಸಾಲಿನ ಎದುರಿಗೆ ಎದುರಾಳಿಯ ಅತ್ಯುತ್ತಮ ರಕ್ಷಕರೇ ಬಂದು ನಿಲ್ಲುತ್ತಾರೆ. ಹುಡುಗ ಒಮ್ಮೆ ಮೈಮರೆತರೆ ಬಿಲ್ಲೆ ತನ್ನದೇ ತಂಡದ ಗೋಲಿನಲ್ಲಿರುತ್ತದೆ. ಪಂದ್ಯ ಸೋತರೆ ಶಿಕ್ಷಕನ ಕೆಲಸವೂ ಹೋದೀತು.

ಈ ಎರಡು ಅಪಾಯಗಳ ನಡುವೆ ಹಾದಿ ಮಾಡುವ ಉಪಾಯಗಳು ಶಿಕ್ಷಕನ ಕೈಯಲ್ಲಿ ಕೆಲವಿವೆ. ಮೊದಲನೆಯದು, ಹುಡುಗನನ್ನು ನಡುವಿನ ಸ್ಥಾನದಿಂದ ಪಕ್ಕಕ್ಕೆ ಸರಿಸುವುದು. ಮೂವರಲ್ಲಿ ನಡುವಿನವನ ಹೊಣೆ ದೊಡ್ಡದು: ಬಿಲ್ಲೆ ತನ್ನ ಗೋಲಿನ ಬಳಿಗೆ ಬಂದಾಗ ಅವನು ಆಳಕ್ಕಿಳಿದು ರಕ್ಷಕರಿಗೆ ನೆರವಾಗಬೇಕು, ಮರುಕ್ಷಣ ಅಂಗಳದ ಇನ್ನೊಂದು ತುದಿಗೆ ಧಾವಿಸಬೇಕು. ಪಕ್ಕದವನಿಗೆ ಅಷ್ಟು ಓಡಾಟವಿಲ್ಲ. ಮೇಲ್ಗಡೆ ನಿಂತ ಎದುರಾಳಿ ರಕ್ಷಕನ ಮೇಲೆ ಕಣ್ಣಿಟ್ಟರೆ ಬಹುಮಟ್ಟಿಗೆ ಸಾಕು. ಆದುದರಿಂದ ಕೆಳಗಿನ ತಂಡದಲ್ಲಿ ನಡುವೆ ಆಡಿದವರೂ ಮೇಲೆ ಬಂದಾಗ ಪಕ್ಕದಿಂದ ಪ್ರಾರಂಭಿಸುವುದುಂಟು. ಇಲ್ಲಿ ಎಡಗೈ ಬಲಗೈಗಳ ಲೆಕ್ಕವೂ ಬರುತ್ತದೆ. ನಮ್ಮ ಹಾಕಿಯ ಕೋಲು ಒಂದೇ ಬಗೆಯದು. ಐಸ್ ಹಾಕಿಯ ಕೋಲಿನಲ್ಲಿ ಎಡಕ್ಕೆ ಬಾಗಿದ್ದೂ ಉಂಟು, ಬಲಕ್ಕೆ ಬಾಗಿದ್ದೂ ಉಂಟು. ಎಡಗೈಯವನು ಎಡ ಪಕ್ಕದಲ್ಲಿದ್ದರೆ ಗೋಡೆಯಂಚಿನ ಬಿಲ್ಲೆಯನ್ನು ಸುಲಭವಾಗಿ ಹಿಡಿದು ಸಾಗಿಸಬಲ್ಲ. ಬಲ ಪಕ್ಕದಲ್ಲಿದ್ದರೆ ಗೋಲಿಗೆ ಗುರಿಯಿಡುವ ಕೋನ ಅವನಿಗೆ ಹೆಚ್ಚು ಅನುಕೂಲ.

ಎರಡನೆಯ ಉಪಾಯ ನಿಯಮಪುಸ್ತಕದಲ್ಲಿಯೇ ಅಡಗಿದೆ. ಆಟ ನಿಂತು ಮತ್ತೆ ಪ್ರಾರಂಭವಾಗುವಾಗ ಅತಿಥಿ ತಂಡವು ಮೊದಲು ತನ್ನ ಆಟಗಾರರನ್ನು ಇಳಿಸಬೇಕು. ಅವರನ್ನು ನೋಡಿಕೊಂಡು ಆಮೇಲೆ ಬದಲಾಯಿಸುವ ಹಕ್ಕು ಆತಿಥೇಯ ತಂಡದ್ದು. ಆದಕಾರಣ ಜಾಣ ಶಿಕ್ಷಕನು ಸ್ವಂತ ಊರಿನ ಪಂದ್ಯದಲ್ಲಿ ಹೊಸಬನನ್ನು ಎದುರಾಳಿಯ ಪ್ರಚಂಡರ ಮುಂದೆ ಇಳಿಸುವುದೇ ಇಲ್ಲ. ಅಲ್ಲದೆ ಬಿಲ್ಲೆಯನ್ನು ಎದುರಾಳಿಯ ಗೋಲಿನ ಬಳಿ ಬೀಳಿಸಿ ಆಟ ಪ್ರಾರಂಭಿಸುವಾಗ ಹುಡುಗನನ್ನು ಕಳಿಸುತ್ತಾನೆ. ತನ್ನ ಗೋಲಿನ ಬಳಿಯಲ್ಲಾದರೆ ಹಳಬರನ್ನು. ನೋಡುವವರಿಗೆ ಇದು ಕಾಣುವುದಿಲ್ಲ, ಹುಡುಗನಿಗೂ ಎಷ್ಟೋ ಸಲ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದದ್ದು ಜೊತೆಗಾರರ ಆಯ್ಕೆ. ಇದನ್ನು ವಿವರಿಸಲು ಪಿಟ್ಸ್‌ಬರ್ಗ್ ನಗರದ ಪೆಂಗ್ವಿನ್ಸ್ ತಂಡದ ನಿದರ್ಶನಕ್ಕಿಂತ ಉತ್ತಮವಾದುದು ನನಗೆ ತೋರದು. ಅದರ ಸಹತಂಡ ಇರುವುದು ಅದೇ ಪೆನ್ಸಿಲ್ವೇನಿಯ ರಾಜ್ಯದ ಈಶಾನ್ಯದಲ್ಲಿರುವ ವಿಲ್ಕ್ಸ್-ಬ್ಯಾರಿಯಲ್ಲಿ. ಅಲ್ಲಿ ಶಿಕ್ಷಕರಾಗಿದ್ದ ಮೈಕ್ ಸಲಿವನ್ನರನ್ನು 2015ರ ಡಿಸೆಂಬರಿನಲ್ಲಿ ಮೇಲಿನ ತಂಡಕ್ಕೆ ಮುಖ್ಯ ಶಿಕ್ಷಕರನ್ನಾಗಿ ಕರೆತಂದರು. ಕೆಳಗಿನ ತಂಡದ ಹುಡುಗರ ಗುಣದೋಷಗಳು ಅವರಿಗೆ ಅಂಗೈ ಮೇಲಿನ ನೆಲ್ಲಿ. ಕಾನರ್ ಶಿಯರಿ, ಬ್ರಯಾನ್ ರಸ್ಟ್ ಮೊದಲಾದ ಕಿರಿಯರು ಅವರೊಡನೆ ಮೇಲೆ ನೆಲೆಗೊಂಡರು. ಆ ಋತುವಿನ ಕೊನೆಯಲ್ಲಿ, 2016ರಲ್ಲಿ, ತಂಡ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು.

ಮರುವರ್ಷ ಬಂದವನು ಜೇಕ್ ಗೆಂಟ್ಜೆಲ್. ಆಜಾನುಬಾಹುಗಳ ಆಟದಲ್ಲಿ ಈತನದು ಸಣ್ಣ ಮೈಕಟ್ಟು. 2013ರಲ್ಲಿ ತಂಡಗಳು ಕಿರಿಯರನ್ನು ಆಯ್ದುಕೊಂಡಾಗ ಇವನಿಗಿಂತ ಮೊದಲು 76 ಮಂದಿಯ ಹೆಸರುಗಳನ್ನು ಕರೆದಿದ್ದರು. ಅನಂತರ ಮೂರು ವರ್ಷ ಒಮಾಹಾದ ವಿಶ್ವವಿದ್ಯಾನಿಲಯದಲ್ಲಿ ಓದಿ ಆಡಿ, ವಿಲ್ಕ್ಸ್-ಬ್ಯಾರಿಯಲ್ಲಿ ಒಳ್ಳೆಯ ಹೆಸರು ಪಡೆದ. 2016ರ ನವೆಂಬರ್ 21ರಂದು ನ್ಯೂಯಾರ್ಕಿನ ರೇಂಜರ್ಸ್ ತಂಡದ ವಿರುದ್ಧ ಅವನ ಮೊದಲ ಪಂದ್ಯ. ಸಲಿವನ್ನರು ಅವನನ್ನು ನಾಲ್ಕನೆಯ ಸಾಲಿನ ತುದಿಯಲ್ಲಿ ಕೂರಿಸಲಿಲ್ಲ. ಎವ್ಗೆನಿ ಮಾಲ್ಕಿನ್ ಮತ್ತು ಫಿಲ್ ಕೆಸೆಲ್ ಎಂಬ ಇಬ್ಬರು ಘಟಾನುಘಟಿಗಳ ಜೊತೆಗೆ ನಿಲ್ಲಿಸಿದರು. ಇಲ್ಲೊಂದು ಸ್ವಾರಸ್ಯವಿದೆ. ಕೆಸೆಲ್ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆಡುತ್ತಿದ್ದ ಕಾಲದಲ್ಲಿ ಅದೇ ತಂಡದ ಕೋಲುಗಳನ್ನು ಎತ್ತಿಕೊಡುವ ಬಾಲಕನಾಗಿದ್ದವನು ಈ ಜೇಕ್! ಪಂದ್ಯ ಪ್ರಾರಂಭವಾಗಿ 62 ಸೆಕೆಂಡುಗಳಾಗುವಷ್ಟರಲ್ಲಿ, ತನ್ನ ಮೊದಲ ಹೊಡೆತದಲ್ಲೇ, ಅವನು ಗೋಲು ಹೊಡೆದ. ಅದೇ ಅವಧಿಯಲ್ಲಿ ಇನ್ನೊಂದು. ಆದರೂ ತಂಡ ಆ ದಿನ 5–2ರಿಂದ ಸೋತಿತು.

ಹೀಗೆ ಆಡಿದವನನ್ನೂ ಕೆಲವು ಪಂದ್ಯಗಳ ಬಳಿಕ ಕೆಳಕ್ಕೆ ಕಳಿಸಿದರೆಂಬುದನ್ನು ಗಮನಿಸಿರಿ. ಮೇಲೆ ಹೇಳಿದ ನಿಯಮದ ಪ್ರಭಾವವೆಂದರೆ ಇದು. 2017ರ ಜನವರಿಯಲ್ಲಿ ಮತ್ತೆ ಕರೆ ಬಂತು. ಈ ಸಲ ಅವನು ಮರಳಿ ಹೋಗಲಿಲ್ಲ. ಅವನನ್ನು ತಂಡದ ನಾಯಕರಾದ ಸಿಡ್ನಿ ಕ್ರಾಸ್ಬಿಯವರ ಎಡ ಪಕ್ಕದಲ್ಲಿ ನಿಲ್ಲಿಸಿ ನೋಡಿದರು. ಮಹಾ ಆಟಗಾರನೊಡನೆ ಆಡುವುದು ಸುಲಭವೆಂದು ತಿಳಿಯಬಾರದು. ಕ್ರಾಸ್ಬಿ ಎದುರಾಳಿಯ ಗೋಲಿನ ಹಿಂದೆ ಮತ್ತು ಮೂಲೆಗಳಲ್ಲಿ ಬಿಲ್ಲೆಗಾಗಿ ಹೋರಾಡಿ, ಸಿಕ್ಕೊಡನೆ ಯಾರೂ ನಿರೀಕ್ಷಿಸದ ಕಡೆಗೆ ತಳ್ಳುವವರು. ಆ ಕ್ಷಣಕ್ಕೆ ಆ ಜಾಗದಲ್ಲಿ ಜೊತೆಗಾರನಿರಬೇಕು. ದೊಡ್ಡ ಮೈಯವರಿಗೆ ಸಾಧ್ಯವಾಗದ ಈ ಕೆಲಸ ಚುರುಕುಬುದ್ಧಿಯ ಸಣ್ಣ ಹುಡುಗನಿಗೆ ಒಗ್ಗಿತು. ಇನ್ನೊಂದು ಪಕ್ಕದಲ್ಲಿ ಆಗಾಗ ನಿಲ್ಲುತ್ತಿದ್ದವನು ಅದೇ ವಿಲ್ಕ್ಸ್-ಬ್ಯಾರಿಯಿಂದ ಬಂದ ಶಿಯರಿ. ಋತುವಿನ 40 ಪಂದ್ಯಗಳಲ್ಲಿ ಗೆಂಟ್ಜೆಲ್ 16 ಗೋಲು ಹೊಡೆದ.

ಎಲ್ಲರೂ ಹೀಗೆ ಮಾಡುವುದಿಲ್ಲ. ಡೆಟ್ರಾಯಿಟ್ ನಗರದ ರೆಡ್ ವಿಂಗ್ಸ್ ತಂಡದವರು ಕಿರಿಯರನ್ನು, ಮಾವನ್ನು ಮರದಲ್ಲಿಯೇ ಹಣ್ಣಾಗಲು ಬಿಡುವಂತೆ, ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಸಹತಂಡದಲ್ಲಿ ದೀರ್ಘಕಾಲ ಇರಿಸುತ್ತಿದ್ದರು. 2008ರಲ್ಲಿ ಆಯ್ಕೆಯಾದ ಸ್ವೀಡನ್ನಿನ ಗುಸ್ತಾವ್ ನೈಕ್ವಿಸ್ಟ್ ಮೇಲೆ ಕಾಲೂರಿದ್ದು 2013ರ ನವೆಂಬರಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಆ ಋತುವಿನಲ್ಲಿ 57 ಪಂದ್ಯಗಳಲ್ಲಿ 28 ಗೋಲು! ಹಣ್ಣು ನಿಜವಾಗಿಯೂ ರಸಭರಿತವಾಗಿತ್ತು. ಆದರೆ ಆಟಗಾರನ ವೃತ್ತಿಜೀವನವೇ ಚಿಕ್ಕದು. ಬಸ್ಸುಗಳಲ್ಲಿ ಕಳೆದ ವರ್ಷಗಳನ್ನು ಅವನಿಗೆ ಯಾರೂ ಮರಳಿ ಕೊಡಲಾರರು. ಕಾಯಿಸುವುದಕ್ಕಿಂತ, ತಕ್ಕವರ ಜೊತೆಗೆ ನಿಲ್ಲಿಸಿ ಮರೆಯಲ್ಲಿ ಕಾಪಾಡುವುದೇ ಮೇಲೆಂದು ನನ್ನ ಎಣಿಕೆ. ಆದರೆ ಅದಕ್ಕೆ ಶಿಕ್ಷಕನಲ್ಲಿ ತಾಳ್ಮೆ ಬೇಕು. ಹೊಸಬನು ಒಂದು ದಿನ ಮಿಂಚಿ ಮೂರು ದಿನ ಮಂಕಾಗುವುದು ಸಹಜ.

2017ರ ಸ್ಟ್ಯಾನ್ಲಿ ಕಪ್ ಪಂದ್ಯಗಳಲ್ಲಿ ಗೆಂಟ್ಜೆಲ್‌ನಿಗೂ ಹಾಗೆಯೇ ಆಯಿತು. ಮೊದಲ ಸುತ್ತಿನಲ್ಲಿ ಕೊಲಂಬಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಮೂರನೆಯದು ಹೆಚ್ಚುವರಿ ಅವಧಿಯಲ್ಲಿ ಪಂದ್ಯವನ್ನೇ ಗೆದ್ದುಕೊಟ್ಟಿತು. ಆಮೇಲೆ ಅವನ ಕೋಲಿಗೆ ಗ್ರಹಣ ಹಿಡಿಯಿತು. ಸತತವಾಗಿ ಎಂಟು ಪಂದ್ಯಗಳಲ್ಲಿ ಒಂದು ಗೋಲೂ ಇಲ್ಲ. ಅಷ್ಟರಲ್ಲಿ ಅಂತಿಮ ಸುತ್ತು ಬಂತು. ಎದುರಿಗೆ ನ್ಯಾಶ್‌ವಿಲ್ ತಂಡ. ಸಲಿವನ್ನರು ಅವನನ್ನು ತಂಡದಿಂದ ತೆಗೆಯಲಿಲ್ಲ. ಮೇ 29ರ ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಮೂರು ಗೋಲುಗಳಿಂದ ಮುಂದಿದ್ದು, ಬಳಿಕ ಎದುರಾಳಿಗಳು ಒಂದೊಂದಾಗಿ ಮೂರನ್ನೂ ಸರಿಗಟ್ಟಿದರು. ಪಿಟ್ಸ್‌ಬರ್ಗಿನ ಆಟಗಾರರಿಂದ 37 ನಿಮಿಷಗಳ ಕಾಲ ಗೋಲಿನತ್ತ ಒಂದು ಹೊಡೆತವೂ ಹೋಗಿರಲಿಲ್ಲ, ಸಭಾಂಗಣ ಮೌನವಾಗಿತ್ತು. ಪಂದ್ಯ ಮುಗಿಯಲು ಮೂರು ನಿಮಿಷ ಹದಿನೇಳು ಸೆಕೆಂಡುಗಳಿರುವಾಗ ಬಿಲ್ಲೆ ಗೆಂಟ್ಜೆಲ್‌ನಿಗೆ ದೊರೆಯಿತು. ಅಷ್ಟು ಹೊತ್ತಿನ ಬಳಿಕ ತಂಡದ ಆ ಮೊದಲನೆಯ ಹೊಡೆತ ನೇರವಾಗಿ ಗೋಲಿನೊಳಗೆ ಹೋಯಿತು. ಜೂನ್ 11ರಂದು ಪಿಟ್ಸ್‌ಬರ್ಗ್ ಎರಡನೆಯ ವರ್ಷವೂ ಕಪ್ಪನ್ನು ಗೆದ್ದುಕೊಂಡಿತು. ಆ ಕಪ್ಪಿನ 25 ಪಂದ್ಯಗಳಲ್ಲಿ ಗೆಂಟ್ಜೆಲ್ ಹೊಡೆದ ಗೋಲುಗಳು 13.