ಉಳದ ನೆಲದ ಕಾವಲುಗಾರರು

ನೆಲವನ್ನು ಉತ್ತಷ್ಟೂ ಪೈರಿಗೆ ಕ್ಷೇಮವೆಂಬುದು ಬಹುಕಾಲದ ನಂಬುಗೆ. ಉತ್ತರ ಅಮೆರಿಕದ ಆಲೂಗೆಡ್ಡೆ, ಟೊಮೇಟೊ ಹೊಲಗಳು ಬೇರೊಂದು ಪಾಠವನ್ನು ಕಲಿಸಿರುತ್ತವೆ. ಅಲ್ಲಿ ಕಾಡುಗಿಡಗಳನ್ನು ತಿಂದು ಬದುಕುತ್ತಿದ್ದ ಕೊಲರಾಡೊ ಜೀರುಂಡೆಗೆ 1859ರ ಸುಮಾರಿಗೆ ಆಲೂಗೆಡ್ಡೆಯ ರುಚಿ ಹತ್ತಿತು. ಬೆನ್ನಿನ ಮೇಲೆ ಹತ್ತು ಕಪ್ಪು ಗೆರೆಗಳುಳ್ಳ ಈ ಕೀಟವೂ ಅದರ ಮರಿಹುಳುಗಳೂ ಮುತ್ತಿದರೆ ಗಿಡದಲ್ಲಿ ಬರಿಯ ಕಡ್ಡಿಯೇ ಉಳಿಯುವುದು. ಇದುವರೆಗೆ 50ಕ್ಕೂ ಹೆಚ್ಚು ಬಗೆಯ ವಿಷಗಳನ್ನು ತಾಳಿಕೊಳ್ಳುವ ಶಕ್ತಿಯನ್ನು ಅದು ಪಡೆದಿರುತ್ತದೆ.

ಹೊಲವನ್ನೆಲ್ಲ ಕದಡದೆ, ಹಿಂದೆ ಬೆಳೆದ ರೈ ಧಾನ್ಯದ ಹುಲ್ಲನ್ನು ನೆಲದ ಮೇಲೆಯೇ ಬಿಟ್ಟು, ನಾಟಿಯ ಸಾಲನ್ನು ಮಾತ್ರ ಸಡಿಲಿಸಿದಲ್ಲಿ ಈ ಪೀಡೆಯು ತಗ್ಗುವುದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದಕ್ಕೆ ಕಾರಣಗಳೆರಡು. ಚಳಿಗಾಲವನ್ನು ಮಣ್ಣಿನೊಳಗೆ ಕಳೆದು ಮೇಲೆದ್ದ ಜೀರುಂಡೆಯು ಬಹುಮಟ್ಟಿಗೆ ನಡೆದೇ ಗಿಡವನ್ನು ಅರಸುವುದು. ಹುಲ್ಲಿನ ಮರೆಯಲ್ಲಿ ಎಳೆಯ ಸಸಿಯು ಅದಕ್ಕೆ ಬೇಗನೆ ಸಿಕ್ಕದು. ಎರಡನೆಯದಾಗಿ, ಆ ಹುಲ್ಲಿನ ನೆರಳಿನಲ್ಲಿ ಗುಲಗಂಜಿ ಹುಳು, ನೆಲದ ಜೀರುಂಡೆ ಮೊದಲಾದ ಬೇಟೆಗಾರರು ನೆಲೆಸಿ, ಶತ್ರುವಿನ ಮೊಟ್ಟೆ ಮರಿಗಳನ್ನು ತಿಂದುಹಾಕುವುವು.

ಆದರೂ ಎಚ್ಚರ ಬೇಕು. ತೇವವಾದ ಹುಲ್ಲಿನಡಿಯಲ್ಲಿ ಚಿಪ್ಪಿಲ್ಲದ ಬಸವನಹುಳುಗಳೂ ಸಸಿಯ ಬುಡವನ್ನು ಕತ್ತರಿಸುವ ಹುಳುಗಳೂ ಹೆಚ್ಚಬಹುದು. ಬೆಳೆಗಾರನು ದಿನವೂ ಸಾಲುಗಳನ್ನು ನೋಡುತ್ತಿರತಕ್ಕದ್ದು. ಅಡಿಗೆಮನೆಗೆ ಬರುವ ಕಾಯಿಪಲ್ಯಕ್ಕೆ ಒಂದು ಸಲದ ವಿಷಸಿಂಪಡಿಕೆ ತಪ್ಪಿದರೂ ಗೃಹಸ್ಥರಿಗೆ ಅದು ಲಾಭವೇ ಸರಿ.