ಲಾರಿಯ ಹಿಂದೆ ಕಟ್ಟಿದ ಬೈಕಿಗೆ ವಿಮೆ ಉಂಟೇ?

ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿ ಕೊರೆಯುವ ತಂಡಗಳಿಗೆ ಲಾರಿಯೇ ಮನೆ. ಹೊಸದುರ್ಗದಿಂದ ಹೊಳಲ್ಕೆರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಸಾಗುವ ಈ ಲಾರಿಗಳಲ್ಲಿ ಹಾಸಿಗೆ, ಪಾತ್ರೆಗಳಿರುತ್ತವೆ. ಡೀಸೆಲ್, ಬಿಡಿಭಾಗ ತರಲು ಬೇಕಾದ ಮೋಟಾರ್ ಸೈಕಲ್ಲನ್ನು ಹಿಂಬದಿಗೆ ಬಿಗಿದಿರುತ್ತಾರೆ.

ಹಿರಿಯೂರಿನ ನಮ್ಮ ಕಕ್ಷಿದಾರರೊಬ್ಬರ ಬೈಕು ಹೀಗೆಯೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗ್ಗ ಸಡಿಲಗೊಂಡು ಬಿದ್ದು ಜಖಂಗೊಂಡಿತು. ಸಮಗ್ರ ಪಾಲಿಸಿಯಲ್ಲಿ ವಾಹನವನ್ನು ರಸ್ತೆ ಅಥವಾ ರೈಲಿನ ಮೂಲಕ ಸಾಗಿಸುವಾಗ ಆಗುವ ಹಾನಿಯೂ ಸೇರಿರುತ್ತದೆ. ಆದರೆ ಉಳಿತಾಯಕ್ಕೆಂದು ಅವರು ಮಾಡಿಸಿದ್ದುದು ಮೂರನೆಯ ವ್ಯಕ್ತಿಯ ವಿಮೆ ಮಾತ್ರ. ಒಂದು ರೂಪಾಯಿಯೂ ಬರಲಿಲ್ಲ. ಸಾಲದೆಂಬಂತೆ ಬೈಕು ಮಗನ ಹೆಸರಿನಲ್ಲಿದ್ದು, ಸಂಸ್ಥೆಯ ಆಸ್ತಿಪಟ್ಟಿಯಲ್ಲಿ ಇರಲಿಲ್ಲ. ದುರಸ್ತಿಯ ಬಿಲ್ಲನ್ನು ವ್ಯವಹಾರದ ವೆಚ್ಚವೆಂದು ಸಮರ್ಥಿಸುವುದೂ ನನಗೆ ಕಷ್ಟವಾಯಿತು.

ಇನ್ನು ದಂಡದ ವಿಷಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ, ಮಿತಿ ಮೀರಿ ಹಿಂದಕ್ಕೆ ಚಾಚಿದ ಹೊರೆಗೆ 20,000 ರೂ. ದಂಡವಿದೆ, ಇಳಿಸುವ ಖರ್ಚು ಬೇರೆ. ಲಾರಿಯ ಹಿಂದಿನ ದೀಪ, ನೋಂದಣಿ ಸಂಖ್ಯೆಗಳು ಬೈಕಿನಿಂದ ಮರೆಯಾಗಲೂಬಾರದು. ಸ್ಥಳವಿದ್ದಲ್ಲಿ ಬೈಕನ್ನು ಒಳಗೇ ಬಿಗಿಯಿರಿ. ಪಾಲಿಸಿ ನವೀಕರಿಸುವ ದಿನ ಕಂತಿನ ಮೊತ್ತಕ್ಕಿಂತ ಮೊದಲು ‘ಸ್ವಂತ ಹಾನಿ’ ಎಂಬ ಸಾಲು ಇದೆಯೇ ನೋಡಿರಿ.