ಅಂಗದಾನವೂ ನಮ್ಮ ಕರ್ತವ್ಯವೂ

ಆಗಸ್ಟ್ 3ನೆಯ ತಾರೀಖನ್ನು ಅಂಗದಾನದ ದಿನವೆಂದು ಆಚರಿಸುವ ಪದ್ಧತಿಯು ನಮ್ಮ ದೇಶದಲ್ಲಿ 2023ರಿಂದ ನಡೆದುಬಂದಿದೆ. 1994ರಲ್ಲಿ ಅದೇ ದಿನ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ|| ವೇಣುಗೋಪಾಲರು ಮೃತರೊಬ್ಬರ ಹೃದಯವನ್ನು ರೋಗಿಯೊಬ್ಬನ ಎದೆಯಲ್ಲಿಟ್ಟು ಯಶಸ್ವಿಯಾದುದರ ಸ್ಮರಣೆ ಅದು. ಆ ದಿನ ಸಭೆಗಳು ಸೇರುತ್ತವೆ, ಭಾಷಣಗಳಾಗುತ್ತವೆ, ಪ್ರತಿಜ್ಞಾಪತ್ರಗಳಿಗೆ ರುಜು ಬೀಳುತ್ತದೆ. ಮರುದಿನ ಎಲ್ಲವೂ ಮರೆತುಹೋಗುತ್ತದೆ. ಈ ಮರೆವಿಗೆ ನಾವೂ ಹೊರತಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಿತ್ರರೊಬ್ಬರ ಮಗನು ಮೋಟಾರ್ ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದನು. ಎರಡು ದಿನಗಳ ಮೇಲೆ ವೈದ್ಯರು ಬಂದು, ಹುಡುಗನ ಮಿದುಳು ಸತ್ತಿದೆಯೆಂದೂ, ಯಂತ್ರದ ಬಲದಿಂದ ಮಾತ್ರ ಉಸಿರಾಟ ನಡೆದಿದೆಯೆಂದೂ ತಿಳಿಸಿ, ಅಂಗಗಳನ್ನು ದಾನಮಾಡಲು ಒಪ್ಪುವಿರಾ ಎಂದು ಮೃದುವಾಗಿ ಕೇಳಿದರು. ಮಿತ್ರರು ನಮ್ಮ ಕಡೆಗೆ ತಿರುಗಿ, “ನೀವು ಬಲ್ಲವರು, ಏನು ಮಾಡಲಿ ಹೇಳಿ” ಎಂದರು. ಊರಿಗೆಲ್ಲ ಬುದ್ಧಿ ಹೇಳುವ ಪತ್ರಿಕೆಯ ಸಂಪಾದಕರಾದ ನಮಗೆ ಆಗ ಬಾಯಿ ಬರಲಿಲ್ಲ. “ಮನೆಯ ಹಿರಿಯರನ್ನು ಕೇಳಿ ನೋಡಿ” ಎಂದು ಜಾರಿಕೊಂಡೆವು. ಹಿರಿಯರು ಊರಿನಿಂದ ಬರುವಷ್ಟರಲ್ಲಿ ಬೆಳಗಾಯಿತು. ಅಷ್ಟರೊಳಗೆ ಹುಡುಗನ ಹೃದಯವೂ ನಿಂತಿತು. ಆ ವೃದ್ಧರು ಸಂಗತಿಯನ್ನು ಕೇಳಿ, “ನನ್ನನ್ನು ಕೇಳಿದ್ದರೆ ನಾನು ಬೇಡವೆನ್ನುತ್ತಿದ್ದೆನೇ?” ಎಂದರು. ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಂದು ನಮ್ಮ ಬಾಯಿ ಕಟ್ಟಿದ ಸಂದೇಹಗಳು ಯಾವುವು? ಅವು ನಮ್ಮ ವಾಚಕರ ಸಂದೇಹಗಳೂ ಆಗಿರಬಹುದು. ಆದುದರಿಂದ ಒಂದೊಂದನ್ನಾಗಿ ವಿಚಾರಿಸೋಣ.

ಹೃದಯವು ಬಡಿಯುತ್ತಿರುವವನನ್ನು ಸತ್ತನೆಂದು ಹೇಳುವುದು ಹೇಗೆ ಎಂಬುದು ಮೊದಲನೆಯದು. ಉಸಿರಾಟವನ್ನು ನಡೆಸತಕ್ಕದ್ದು ಮಿದುಳಿನ ಬುಡದ ಕಾಂಡ. ಅದು ಒಮ್ಮೆ ಸತ್ತರೆ ತಿರುಗಿ ಜೀವಿಸುವುದಿಲ್ಲ. ಯಂತ್ರವು ಶ್ವಾಸಕೋಶಕ್ಕೆ ಗಾಳಿಯನ್ನು ಊದುತ್ತಿರುವ ತನಕ ಹೃದಯವು ಕೆಲವು ಕಾಲ ಬಡಿಯುತ್ತದೆ, ಅಷ್ಟೆ. ಮೂರ್ಛೆಯಲ್ಲಿ ಬಿದ್ದವನ ಸ್ಥಿತಿ ಬೇರೆ, ಇದು ಬೇರೆ. 1994ರ ಕಾಯಿದೆಯ ಮೇರೆಗೆ ಈ ಮರಣವನ್ನು ನಾಲ್ವರು ವೈದ್ಯರ ಮಂಡಲಿಯು ನಿಶ್ಚಯಿಸಬೇಕು. ಅಂಗವನ್ನು ತೆಗೆಯುವ ಅಥವಾ ಜೋಡಿಸುವ ವೈದ್ಯರು ಆ ಮಂಡಲಿಯಲ್ಲಿರಕೂಡದು. ಕಣ್ಣಿನ ಪಾಪೆಯು ಬೆಳಕಿಗೆ ಕುಗ್ಗುವುದೇ, ಗಂಟಲನ್ನು ಕೆಣಕಿದರೆ ಕೆಮ್ಮು ಬರುವುದೇ, ಯಂತ್ರವನ್ನು ಬಿಡಿಸಿದರೆ ತಾನಾಗಿ ಉಸಿರೆಳೆಯುವನೇ ಎಂದು ಪರೀಕ್ಷಿಸಿ, ಆರು ಗಂಟೆಗಳಾದರೂ ಕಳೆದ ಮೇಲೆ ಅವೇ ಪರೀಕ್ಷೆಗಳನ್ನು ತಿರುಗಿ ಮಾಡಬೇಕು. ಇಷ್ಟು ಎಚ್ಚರಿಕೆಯು ಸಾಮಾನ್ಯವಾದ ಮರಣವನ್ನು ಗೊತ್ತುಮಾಡುವಾಗಲೂ ಇರುವುದಿಲ್ಲ.

ಎರಡನೆಯದು ಧರ್ಮದ ಮಾತು. ದೇಹವು ಪೂರ್ಣವಾಗಿಲ್ಲದೆ ಸಂಸ್ಕಾರವಾದರೆ ಸದ್ಗತಿಯಿಲ್ಲವೆಂದೂ, ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗುವನೆಂದೂ ಹಳೆಯ ಜನರು ಅಂಜುತ್ತಾರೆ. ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾವು ಅವರಿಗೆ ಕೇಳುವುದಿಷ್ಟೆ: ಲೋಕಹಿತಕ್ಕಾಗಿ ಬೆನ್ನೆಲುಬನ್ನೇ ಕೊಟ್ಟ ದಧೀಚಿಗೆ ಯಾವ ದುರ್ಗತಿಯಾಯಿತು? ಪಾರಿವಾಳಕ್ಕಾಗಿ ಮೈಯ ಮಾಂಸವನ್ನು ತಕ್ಕಡಿಗೆ ಹಾಕಿದ ಶಿಬಿಯನ್ನು ಯಾರು ಹಳಿದರು? ಶಿವನಿಗೆ ಕಣ್ಣನ್ನು ಕಿತ್ತುಕೊಟ್ಟ ಬೇಡರ ಕಣ್ಣಪ್ಪನು ಕುರುಡನಾಗಿ ಹುಟ್ಟಿದನೆಂದು ಯಾವ ಪುರಾಣವು ಹೇಳುತ್ತದೆ? 1954ರಲ್ಲಿ ಆ ಕಣ್ಣಪ್ಪನ ಪಾತ್ರದಿಂದ ಕನ್ನಡಿಗರ ಮನಸ್ಸನ್ನು ಗೆದ್ದ ಡಾ|| ರಾಜಕುಮಾರರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದುವು. 2021ರಲ್ಲಿ ಅವರ ಕಿರಿಯ ಮಗ ಪುನೀತರು ಅಕಾಲದಲ್ಲಿ ಅಗಲಿದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದೇ ವರ್ಷ ನಟ ಸಂಚಾರಿ ವಿಜಯರು ಅಪಘಾತದಲ್ಲಿ ಮಡಿದಾಗ ಅವರ ಮನೆಯವರು ಅಂಗಗಳನ್ನು ದಾನಮಾಡಿದರು. ಧರ್ಮವು ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಮೂರನೆಯ ಸಂದೇಹವೇ ಹೆಚ್ಚು ಗಟ್ಟಿಯಾದುದು: ಬಡವನ ಅಂಗವು ಹಣವಂತನ ಪಾಲಾಗದೇ? ಈ ಅಂಜಿಕೆ ಸುಳ್ಳಲ್ಲ. 1994ಕ್ಕೆ ಮುನ್ನ ಬೆಂಗಳೂರು, ಮದ್ರಾಸು, ಮುಂಬಯಿ ನಗರಗಳಲ್ಲಿ ಸಾಲದಿಂದ ಸೋತವರ ಮೂತ್ರಪಿಂಡಗಳು ಸಂತೆಯ ಸರಕಿನಂತೆ ಮಾರಾಟವಾದುವು. ಅದನ್ನು ತಡೆಯಲೆಂದೇ ಕಾಯಿದೆ ಬಂದಿತು. 2011ರ ತಿದ್ದುಪಡಿಯಿಂದ ಈ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷಗಳ ಸೆರೆಯೂ, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ದಂಡವೂ ಗೊತ್ತಾಗಿವೆ. ಆದರೆ ದಂಡದ ಭಯವೊಂದರಿಂದಲೇ ಸಂತೆ ಮುಚ್ಚಲಾರದು. ಮೃತರಿಂದ ದೊರೆಯುವ ಅಂಗಗಳು ಕಡಮೆಯಾದಷ್ಟೂ ಜೀವಂತರ ಮೇಲೆ ಒತ್ತಾಯ ಹೆಚ್ಚುತ್ತದೆ. ಆ ಒತ್ತಾಯವು ಮನೆಯೊಳಗೂ ಇದೆ. ನಮ್ಮಲ್ಲಿ ಜೀವಂತವಾಗಿ ಮೂತ್ರಪಿಂಡ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತಾಯಿ, ಹೆಂಡತಿ, ಅಕ್ಕತಂಗಿಯರ ಈ ತ್ಯಾಗವನ್ನು ಕೊಂಡಾಡುವ ಮುನ್ನ, ಅವರಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿತ್ತೆಂದು ನಾವು ಕೇಳಿಕೊಳ್ಳಬೇಕು. ಸತ್ತವರು ಕೊಟ್ಟರೆ ಬದುಕಿರುವವರು ತಮ್ಮ ಮೈಯನ್ನು ಕೊಯ್ಯಿಸಿಕೊಳ್ಳುವುದು ತಪ್ಪುತ್ತದೆ. ಅಂಗದಾನದ ನೀತಿಯ ಮರ್ಮವು ಇದೇ ಎಂದು ನಮ್ಮ ಅಭಿಪ್ರಾಯ.

ಪ್ರಯೋಜನವನ್ನು ಕುರಿತು ಬಹಳ ಹೇಳಬೇಕಾದುದಿಲ್ಲ. ಮಿದುಳು ಸತ್ತ ಒಬ್ಬನ ಹೃದಯ, ಎರಡು ಶ್ವಾಸಕೋಶ, ಯಕೃತ್ತು, ಎರಡು ಮೂತ್ರಪಿಂಡ ಮೊದಲಾದವುಗಳಿಂದ ಎಂಟು ಜನರವರೆಗೆ ಬದುಕಬಹುದು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಮೈಯೊಡ್ಡಿ ಉದ್ಯೋಗವನ್ನೂ ಮನೆಯ ಹಣವನ್ನೂ ಕಳೆದುಕೊಂಡವನು ಮರಳಿ ದುಡಿಮೆಗೆ ಹೋಗಬಲ್ಲನು. ಆದರೂ ನಮ್ಮ ಸ್ಥಿತಿ ಏನು? 2023ರಲ್ಲಿ ಇಡೀ ಭಾರತದಲ್ಲಿ ಮರಣಾನಂತರ ಅಂಗ ಕೊಟ್ಟವರು 1,099 ಮಂದಿ. ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬನೂ ಇಲ್ಲ. ಸ್ಪೇನ್ ದೇಶದಲ್ಲಿ ಅಷ್ಟೇ ಜನರಿಗೆ ನಲವತ್ತಕ್ಕೂ ಮೇಲ್ಪಟ್ಟಿದ್ದಾರೆ. ನಮ್ಮ ರಸ್ತೆಗಳಲ್ಲಿ 2022ನೆಯ ವರ್ಷವೊಂದರಲ್ಲಿಯೇ 1,68,491 ಜೀವಗಳು ಹೋದುವು. ಅವರೆಲ್ಲರೂ ದಾನಿಗಳಾಗುವ ಸ್ಥಿತಿಯಲ್ಲಿದ್ದರೆಂದಲ್ಲ. ಆದರೆ ನೂರಕ್ಕೊಬ್ಬರಾದರೂ ಆಗಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಸ್ಪೇನಿನವರು ಇದನ್ನು ಸಾಧಿಸಿದುದು ಕಾಯಿದೆಯ ಬಲದಿಂದಲ್ಲ. ಯಾರೂ ಬೇಡವೆಂದು ಬರೆದಿಡದಿದ್ದರೆ ಒಪ್ಪಿಗೆಯೆಂದೇ ಅಲ್ಲಿಯ 1979ರ ಶಾಸನವು ಹೇಳಿದರೂ, ಮನೆಯವರನ್ನು ಕೇಳದೆ ಅವರು ಮುಂದುವರಿಯುವುದಿಲ್ಲ. 1989ರಿಂದ ಈಚೆಗೆ ಆಸ್ಪತ್ರೆಗಳಲ್ಲಿ ತರಬೇತಾದ ವೈದ್ಯರನ್ನೇ ಈ ಕಾರ್ಯಕ್ಕೆ ನೇಮಿಸಿ, ದುಃಖದಲ್ಲಿರುವ ಕುಟುಂಬದೊಡನೆ ತಾಳ್ಮೆಯಿಂದ ಮಾತನಾಡುವ ಏರ್ಪಾಡು ಮಾಡಿದುದೇ ಅವರ ಗೆಲುವಿಗೆ ಕಾರಣ. ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ಯ ಮೂಲಕ ಅಂಗಗಳ ಹಂಚಿಕೆಯು ಸರದಿಯ ಪ್ರಕಾರ ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಸೌಕರ್ಯವು ದೊಡ್ಡ ನಗರಗಳಿಗೆ ಮಾತ್ರ ಸೀಮಿತವಾಗಿರಕೂಡದು. ಜಿಲ್ಲೆಯ ಆಸ್ಪತ್ರೆಗಳಲ್ಲಿಯೂ ಮಿದುಳಿನ ಮರಣವನ್ನು ಗುರುತಿಸಿ ವರದಿಮಾಡುವ ಏರ್ಪಾಡು ಬಲಪಡಬೇಕು. ಬದಲಾವಣೆಯಾದ ಮೇಲೆ ಆಜೀವ ಸೇವಿಸಬೇಕಾದ ಔಷಧಿಗಳು ಬಡವರಿಗೆ ಎಟುಕುವಂತಿರಬೇಕು. ಇಲ್ಲದಿದ್ದರೆ ಬಡವನು ಕೊಡುವವನಾಗಿಯೇ ಉಳಿದಾನು. ಅಧಿಕಾರಸ್ಥರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಇನ್ನು ವಾಚಕರ ಪಾಲಿನ ಕೆಲಸ. ನೇತ್ರದಾನವು ಎಲ್ಲರಿಗೂ ಸುಲಭವಾದುದು. ಮನೆಯಲ್ಲಿ ಸಹಜವಾಗಿ ಸತ್ತವರೂ ಕೊಡಬಹುದು. ಆರು ಗಂಟೆಗಳೊಳಗೆ ನೇತ್ರಭಂಡಾರದವರಿಗೆ ತಿಳಿಸಿ, ರೆಪ್ಪೆಗಳನ್ನು ಮುಚ್ಚಿ, ಒದ್ದೆ ಹತ್ತಿಯನ್ನಿಟ್ಟು, ಪಂಕವನ್ನು ನಿಲ್ಲಿಸಿದರೆ ಸಾಕು. ಮುಖವು ವಿಕಾರವಾಗುವುದಿಲ್ಲ. ಉಳಿದ ಅಂಗಗಳ ವಿಷಯದಲ್ಲಿ ಪ್ರತಿಜ್ಞಾಪತ್ರಕ್ಕೆ ರುಜು ಮಾಡಿದರಷ್ಟೇ ಸಾಲದು. ಕಡೆಯ ಗಳಿಗೆಯಲ್ಲಿ ಕೇಳುವುದು ಮನೆಯವರನ್ನು. ನಮ್ಮ ಮಿತ್ರರ ಮನೆಯಲ್ಲಿ ಹುಡುಗನ ಇಷ್ಟವೇನೆಂದು ಯಾರಿಗೂ ಗೊತ್ತಿರಲಿಲ್ಲ. ಏಕೆಂದರೆ ಸಾವಿನ ಮಾತನ್ನು ಆಡುವುದು ಅಶುಭವೆಂದು ನಾವೆಲ್ಲರೂ ತಿಳಿದಿದ್ದೇವೆ. ಊಟಕ್ಕೆ ಕುಳಿತಾಗಲೋ, ಹಬ್ಬಕ್ಕೆ ಎಲ್ಲರೂ ಸೇರಿದಾಗಲೋ ಒಂದು ಸಲ ಆ ಮಾತನ್ನು ಬಾಯಿಬಿಟ್ಟು ಆಡಿದರೆ, ಆಸ್ಪತ್ರೆಯ ಬಾಗಿಲಲ್ಲಿ ತಂದೆಯಾದವನು ನೆರೆಯವನ ಮುಖ ನೋಡಬೇಕಾಗಿ ಬರುವುದಿಲ್ಲ.

ನಾವು ನಮ್ಮ ಮನೆಯವರೊಡನೆ ಈ ಮಾತನ್ನು ಆಡಿದ್ದೇವೆ. ನಮ್ಮ ಕಾಲ ಬಂದಾಗ ಕಣ್ಣನ್ನೂ, ಸಾಧ್ಯವಾದರೆ ಉಳಿದುದನ್ನೂ ಕೊಡತಕ್ಕದ್ದೆಂದು ಮಕ್ಕಳಿಗೆ ಹೇಳಿದ್ದೇವೆ, ಅವರು ಒಪ್ಪಿದ್ದಾರೆ. ಒಂದು ರಾತ್ರಿ ಆಡದೆ ಉಳಿದ ಮಾತಿಗೆ ಇದು ಪೂರ್ತಿ ಪ್ರಾಯಶ್ಚಿತ್ತವಾಗದು. ಆದರೂ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೆಲವಾದರೂ ಇಂದು ಆ ಮಾತನ್ನು ಎತ್ತಿದರೆ ನಮ್ಮ ಶ್ರಮವು ಸಾರ್ಥಕವಾದಂತೆ.